ಕಾಗದಕ್ಕೆ ಇಳಿಯದ ಕೆಂಪು ಪೆಟ್ಟಿಗೆ

ಕಾರ್ಖಾನೆಯ ತೊಟ್ಟಿ ತೊಳೆಯಲು ಇಳಿದ ಅಣ್ಣ ವಿಷಗಾಳಿಗೆ ಸಿಕ್ಕಿ ಸತ್ತು ಒಂಬತ್ತು ದಿನವಾಗಿತ್ತು. ವಿಚಾರಣೆಯ ಕೋಣೆಯಲ್ಲಿ ತಂಗಿ ಅತ್ತಿಗೆಯ ಪಕ್ಕ ಕುಳಿತಿದ್ದಳು. ಅದೇ ಕಾರ್ಖಾನೆಯ ಜಾಲಪುಟಗಳಿಗೆ ಸ್ಟೈಲ್ ಶೀಟ್ ಬರೆಯುವುದು ಅವಳ ಕೆಲಸ. ಅಕ್ಷರಗಳ ಬಣ್ಣ, ಗಾತ್ರ, ಪೆಟ್ಟಿಗೆಗಳ ಜಾಗ ಎಲ್ಲವನ್ನೂ ಆ ಒಂದು ಕಡತವೇ ನಿರ್ಧರಿಸುತ್ತಿತ್ತು. "ಅಕ್ಷರಕ್ಕೆ ಬಟ್ಟೆ ಹೊಲಿಯೋಳು ತಾನೆ ನೀನು, ಬಾರೇ ದರ್ಜಿ" ಎಂದು ಅಣ್ಣ ಕೆಣಕುತ್ತಿದ್ದ.

ಸುರಕ್ಷಾಧಿಕಾರಿ ಗೋಡೆಯ ಪರದೆಯತ್ತ ಕೈ ತೋರಿಸಿದ. ತೊಟ್ಟಿ ತೊಳೆಯುವ ವಿಧಾನದ ಪುಟ. ಬಲಬದಿಯಲ್ಲಿ ಕೆಂಪು ಪೆಟ್ಟಿಗೆ: ಗಾಳಿ ಪರೀಕ್ಷಿಸದೆ ಇಳಿಯಬಾರದು.

"ಇಷ್ಟು ದಪ್ಪಗೆ ಬರೆದಿದೆ. ಕಣ್ಣಿಗೆ ಬೀಳಲಿಲ್ಲ ಅಂದ್ರೆ ಯಾರು ನಂಬ್ತಾರೆ?"

"ಔಷಧಿ ಡಬ್ಬಿ ಮೇಲಿನ ಚೀಟಿನೂ ಎರಡು ಸಲ ಓದೋರು ಅವರು," ಎಂದಳು ಅತ್ತಿಗೆ.

"ನೋಡಮ್ಮ, ಹೋದವರ ಮೇಲೆ ಹೊರಿಸೋಕೆ ನನಗೇನು ಆಸೆಯೇ? ಆದ್ರೆ ತಪ್ಪು ಅವರದ್ದೇ ಅಂತ ಬರೀಬೇಕಾಗುತ್ತೆ."

ತಂಗಿ ಪರದೆಯ ಮೇಲಿನ ಆ ಪೆಟ್ಟಿಗೆಯನ್ನೇ ನೋಡಿದಳು. ತೊಟ್ಟಿಯ ಬಳಿ ಪರದೆಯಿರಲಿಲ್ಲ. ಕೆಲಸಗಾರರು ಪುಟವನ್ನು ಮುದ್ರಿಸಿ, ಪ್ಲಾಸ್ಟಿಕ್ ಹೊದಿಸಿ ಮೊಳೆಗೆ ನೇತುಹಾಕುತ್ತಿದ್ದರು. ಕಳೆದ ವರ್ಷ ಇದೇ ಅಧಿಕಾರಿ, "ಒಂದು ಹಾಳೇಲಿ ಮುಗಿಯೋದು ಎರಡಾಗ್ತಿದೆ, ಏನಾದ್ರೂ ಮಾಡು" ಎಂದಿದ್ದ. ಅವಳಿಗೆ ತಿಳಿದಂತೆ ಬದಿಯ ಪೆಟ್ಟಿಗೆಗಳಲ್ಲಿದ್ದುದು ಕ್ಯಾಂಟೀನಿನ ಸಮಯ, ಬಸ್ಸಿನ ಪಟ್ಟಿ, ನಿವೃತ್ತರಿಗೆ ಶುಭಾಶಯ. ಮುದ್ರಣದ ನಿಯಮಗಳಿಗೆ ಅವಳು ಒಂದೇ ಸಾಲು ಸೇರಿಸಿದಳು: ಬದಿಯ ಪೆಟ್ಟಿಗೆ ಕಾಗದದಲ್ಲಿ ಕಾಣಬಾರದು. ಎರಡು ಪುಟ ಮುದ್ರಿಸಿ ನೋಡಿ ಕೈತೊಳೆದುಕೊಂಡಳು. ಆ ಎರಡರಲ್ಲಿ ತೊಟ್ಟಿಯ ಪುಟ ಇರಲಿಲ್ಲ.

ಮೊಳೆಯ ಮೇಲಿನ ಹಾಳೆಯಲ್ಲಿ ಕೆಂಪು ಪೆಟ್ಟಿಗೆ ಇಲ್ಲದ್ದನ್ನು ಅವಳು ನಿನ್ನೆ ಮಧ್ಯಾಹ್ನ ಕಂಡಿದ್ದಳು. ಕಡತದಲ್ಲಿ ತಾನು ಸೇರಿಸಿದ ಆ ಸಾಲನ್ನು ಅಳಿಸಿ, ಹೊಸ ಹಾಳೆ ನೇತುಹಾಕಿದರೆ ಯಾರಿಗೂ ಸುಳಿವು ಸಿಗುತ್ತಿರಲಿಲ್ಲ. ಅಣ್ಣ ಮಾತ್ರ ಓದದೆ ಸತ್ತವನಾಗಿ ಉಳಿಯುತ್ತಿದ್ದ. ರಾತ್ರಿಯಿಡೀ ಅವಳು ಆ ಸಾಲನ್ನು ಮುಟ್ಟಿರಲಿಲ್ಲ.

"ಸರ್, ಈ ಪುಟ ಮುದ್ರಿಸಿ," ಎಂದಳು.

"ಎದುರಿಗೇ ಇದೆಯಲ್ಲ, ಮುದ್ರಿಸೋದ್ಯಾಕೆ?"

"ಅವನು ನೋಡಿದ್ದು ಕಾಗದ, ಸರ್."

ಮೂಲೆಯ ಯಂತ್ರ ಬೆಚ್ಚನೆಯ ಹಾಳೆಯನ್ನು ಹೊರಗೆ ತಳ್ಳಿತು. ಅಧಿಕಾರಿ ಅದನ್ನು ತಿರುಗಿಸಿ, ಹಿಂಬದಿಯನ್ನೂ ನೋಡಿದ.

"ಪೆಟ್ಟಿಗೆ ಎಲ್ಲಿ?"

"ಮುದ್ರಣದಲ್ಲಿ ಬರದ ಹಾಗೆ ಮಾಡಿದ್ದು ನಾನು. ನೀವು ಹಾಳೆ ಉಳಿಸು ಅಂದಿದ್ರಿ. ಪರೀಕ್ಷಿಸಬೇಕಾಗಿದ್ದು ನಾನು."

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದ. ಅತ್ತಿಗೆ ಹಾಳೆಯನ್ನು ತೆಗೆದುಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ಕೊನೆಯವರೆಗೂ ಓದಿದಳು. ಮತ್ತೆ ಮೊದಲಿನಿಂದ ಓದಿದಳು.

"ಅವರು ಓದಿಯೇ ಇಳಿದಿದ್ರು," ಎಂದಳು.

ಆಮೇಲೆ ತನ್ನ ಕುರ್ಚಿಯನ್ನು ನಾದಿನಿಯ ಪಕ್ಕದಿಂದ ದೂರ ಎಳೆದುಕೊಂಡಳು.