ಬೆರಳಗಲದ ತೆರಪು

ಶೇಷಗಿರಿಯ ದಂಡನಾಯಕ ಕೂತಿದ್ದ ಕುದುರೆಗೆ ಒಂದು ಕಾಲು ಬೆಂಕಿಕಡ್ಡಿಯದು. ಸೀಸದ ಕಾಲು ಎಂದೋ ಮುರಿದಿತ್ತು. ತುಂಗಮ್ಮನವರು ಕಡ್ಡಿ ಅಂಟಿಸಿ ಕಪ್ಪು ಬಣ್ಣ ಬಳಿದಿದ್ದರು. ಆ ಕುಂಟು ಕುದುರೆ ಪ್ರತಿ ಭಾನುವಾರ ನನ್ನ ಕೈಯಿಂದ ತಪ್ಪಿಸಿಕೊಳ್ಳುತ್ತಿತ್ತು.

ತುಂಗಮ್ಮ ಡ್ರಾಯಿಂಗ್ ಟೀಚರ್ ಆಗಿದ್ದು ನಿವೃತ್ತರಾದವರು. ಅವರ ನಡುಮನೆಯ ದೊಡ್ಡ ಮೇಜಿನ ಮೇಲೆ ಮರಳು ಹರಡಿ, ಬೆರಳುದ್ದದ ಸೀಸದ ಸೈನಿಕರನ್ನು ನಿಲ್ಲಿಸಿ ನಾವು ನಾಲ್ಕು ಜನ ಯುದ್ಧದಾಟ ಆಡುತ್ತಿದ್ದೆವು. ನಿಯಮಗಳಿಗೊಂದು ನೋಟ್‌ಬುಕ್ ಇತ್ತು. ಬಹಳ ವರ್ಷಗಳಿಂದ ಅದರಲ್ಲಿ ಬರೆಯುತ್ತಿದ್ದವನು ನಾನೊಬ್ಬನೇ. ಅದರ ಜಂಬವೂ ನನಗಿತ್ತು.

ಮೊದಲ ಪುಟದಲ್ಲಿ ತುಂಗಮ್ಮನವರ ದುಂಡಕ್ಷರದ ನಿಯಮ: ದಂಡನಾಯಕ ಕಾಳಗಕ್ಕೆ ಇಳಿದರೆ ಗೆಲ್ಲಬೇಕು, ಇಲ್ಲವೇ ಬೀಳಬೇಕು. ಅದರ ಕೆಳಗೆ ತುರುಕಿದಂತೆ ಇನ್ನೊಂದು ಸಾಲು: 'ಬೆನ್ನ ಹಿಂದೆ ಬೆರಳಗಲ ತೆರಪಿದ್ದರೆ ಹೊರಬರಬಹುದು.' ಶೇಷಗಿರಿ ಪಾರಾಗುತ್ತಿದ್ದದ್ದು ಈ ಸಾಲಿನಿಂದಲೇ. ಒಂದು ದಿನ ಸೋತ ಉರಿಯಲ್ಲಿ ನೋಟ್‌ಬುಕ್ಕನ್ನು ಮನೆಗೆ ಒಯ್ದು ಕನ್ನಡಕ ಹಾಕಿಕೊಂಡು ನೋಡಿದೆ. ಸಾವಿರ ಸಲ ಓದಿದ್ದ ಆ ಸಾಲು ಶೇಷಗಿರಿಯ ಅಕ್ಷರದಲ್ಲಿತ್ತು.

ಆಮೇಲೆ ನಾನು ಮೈಯೆಲ್ಲಾ ಕಣ್ಣಾದೆ. ಅವನು ಕಪಾಟಿನ ಹತ್ತಿರ ನಿಂತರೆ ಸಂಶಯ, ನನ್ನ ಆಟ ಹೊಗಳಿದರೆ ಇನ್ನೂ ಸಂಶಯ. ಮುಂದಿನ ಭಾನುವಾರ ಅವನ ದಂಡನಾಯಕನನ್ನು ಮತ್ತೆ ಸುತ್ತುವರಿದೆ. ಅವನು ತೆರಪಿನಲ್ಲಿ ಬೆರಳಿಟ್ಟು ಅಳೆಯುತ್ತಿದ್ದಂತೆ ನೋಟ್‌ಬುಕ್ ತೆರೆದು ಮುಂದಿಟ್ಟೆ.

"ಈ ಸಾಲು ಬರೆದಿದ್ದು ಯಾರೋ?"

"ನಾನೇ."

"ನಿನಗೆ ಬೇಕಾದ ರೂಲ್ಸು ನೀನೇ ಬರ್ಕೊಂಡಿದೀಯ ಅನ್ನು."

ಅವನು ಸಿಟ್ಟಾಗಲಿಲ್ಲ. "ನಿನಗೆ ನಿಜವಾಗ್ಲೂ ನೆನಪಿಲ್ವೇನೋ?"

"ಸಿಕ್ಕಿಬಿದ್ದವರೆಲ್ಲ ಹೀಗೇ ಮಾತು ತಿರುಗಿಸೋದು" ಎಂದೆ.

ಉಳಿದಿಬ್ಬರು, ನನಗಿಂತ ಆಮೇಲೆ ಬಂದವರು, ತಲೆ ತಗ್ಗಿಸಿ ಕೂತಿದ್ದರು. ಶೇಷಗಿರಿ ಬೆರಳು ತೆಗೆದು ಎದ್ದ. ದಂಡನಾಯಕನನ್ನು ಅಲ್ಲೇ ಬಿಟ್ಟು ಚಪ್ಪಲಿ ಮೆಟ್ಟಿ ಹೊರಟುಹೋದ.

ಅಡಿಗೆಮನೆಯಿಂದ ಕಾಫಿ ತಂದ ತುಂಗಮ್ಮನವರಿಗೆ ನಡೆದದ್ದನ್ನು ಗೆದ್ದವನ ಗತ್ತಿನಲ್ಲಿ ಹೇಳಿದೆ. ಅವರು ತಟ್ಟೆಯನ್ನು ಮರಳಿನ ಮೇಲೆಯೇ ಇಟ್ಟುಬಿಟ್ಟರು.

"ಎಂಥ ಕೆಲಸ ಮಾಡಿದ್ರಿ! ಆಗೆಲ್ಲ ಆಟದಲ್ಲಿ ಸೋತವರೇ ಹೊಸ ನಿಯಮ ಬರೀಬೇಕಿತ್ತು ಕಣ್ರೀ. ಅದು ನೀವು ಬಂದ ಮೊದಲನೇ ಭಾನುವಾರ. ನಿಮ್ಮ ದಂಡನಾಯಕ ಅವನ ಕೈಗೆ ಸಿಕ್ಕಿಬಿದ್ದಿದ್ದ. ನೀವೋ, ಇನ್ನೇನು ಎದ್ದು ಹೋಗೋ ಹಾಗೆ ಮುಖ ಮಾಡ್ಕೊಂಡು ಕೂತ್ರಿ. 'ಹಿಂದೆ ಒಂದು ಬೆರಳು ಜಾಗ ಇದೆಯಲ್ಲ, ಹೋಗ್ಲಿ ಬಿಡಿ' ಅಂತ ಅವನೇ ಅಂದ. ಆಟ ಸೋತ. ಸೋತು ಆ ಸಾಲು ಬರೆದ."

ಆ ಪದ್ಧತಿ ಬಿಡಿಸಿ ಎಲ್ಲವನ್ನೂ ನಾನೇ ಬರೆಯತೊಡಗಿದ್ದು ಆಮೇಲಿನ ಮಾತು. ಕಾಫಿ ಮುಟ್ಟದೆ ಶೇಷಗಿರಿಯ ಮನೆಗೆ ಓಡಿದೆ. ತಪ್ಪಾಯಿತು ಎಂದೆ. ಅವನು ಕೂರಿಸಿದ, ಬಾಳೆಹಣ್ಣು ಕೊಟ್ಟ, ಬೇರೆ ಏನೇನೋ ಮಾತಾಡಿದ.

"ಭಾನುವಾರ ಬರ್ತೀಯ ತಾನೇ?" ಎಂದು ಕೇಳಿದೆ.

"ಅದೊಂದು ಬೇಡ ಕಣೋ. ಇನ್ಮೇಲೆ ನಾನು ಬೆರಳಿಟ್ಟಾಗೆಲ್ಲ ನೀನು ನನ್ನ ಬೆರಳನ್ನೇ ನೋಡ್ತೀಯ ಅನ್ಸುತ್ತೆ."

ಸುಲಿಯದ ಬಾಳೆಹಣ್ಣನ್ನು ಅಲ್ಲೇ ಇಟ್ಟು ಎದ್ದೆ.

ಮುಂದಿನ ಭಾನುವಾರ ಮೇಜಿನ ಮೇಲೆ ಶೇಷಗಿರಿ ಬಿಟ್ಟುಹೋದ ಮೂಲೆಯನ್ನು ಯಾರೂ ಮುಟ್ಟಿರಲಿಲ್ಲ. ಕಡ್ಡಿಕಾಲಿನ ಕುದುರೆಯ ಹಿಂದಿದ್ದ ನನ್ನ ಭರ್ಜಿಯವನನ್ನು ಎತ್ತಿ ಪಕ್ಕಕ್ಕಿಟ್ಟೆ. ಆಮೇಲೆ ಅವನ ಪಕ್ಕದವನನ್ನೂ ಎತ್ತಿದೆ. ಅಂಗೈ ಅಗಲದ ತೆರಪಾಯಿತು. ಕುದುರೆ ಅಲ್ಲೇ ನಿಂತಿತ್ತು.