ಕಲ್ಲಿನ ದಂಬೆ

"ಇನ್ನೂ ಒಳಗೆ ಕೈ ಹಾಕು ಮಾರಾಯ್ತಿ. ನಿನ್ನ ಅಮ್ಮ ಗಂಜಿ ಕುಡಿದ ದಂಬೆ ಅಲ್ವಾ ಅದು, ನಿನಗೆಂತದ್ದು ಅಸಹ್ಯ?"

ಅಡುಗೆಮನೆಯೊಳಗೆ ನಿಂತಿದ್ದ ಮನೆಯೊಡೆಯ ಚಕ್ರಪಾಣಿಯವರ ನಗು ಗೋಡೆಯ ತೂತಿನಿಂದ ಹೊರಗೆ ಬಂತು. ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತ ಬೇಬಿ ಭುಜದವರೆಗೆ ಕೈ ತೂರಿಸಿ, ಯಾರೋ ಯಾವ ಕಾಲದಲ್ಲೋ ತುರುಕಿದ್ದ ಕಲ್ಲುಮಣ್ಣನ್ನು ಎಳೆದು ಹಾಕುತ್ತಿದ್ದಳು. ಸುಣ್ಣದ ಗಾರೆ ಕಲಸಿ ಕಲಸಿ ಬೆರಳ ಸಂದುಗಳು ಬೆಂದುಹೋಗಿದ್ದವು. ಬಂದರಿನ ಈ ಬೀದಿಗೆ ಪಾರಂಪರಿಕ ಬೀದಿ ಎಂದು ಬೋರ್ಡು ಬಿದ್ದ ಮೇಲೆ ಹೊಳೆಬದಿಯ ಹಳೆ ಮನೆಗಳೆಲ್ಲ ಒಂದೊಂದಾಗಿ ರಿಪೇರಿಯಾಗುತ್ತಿದ್ದವು. ಅವಳಿಗೆ ಕೆಲಸ ಸಿಕ್ಕಿದ್ದೂ ಅದರಿಂದಲೇ.

ದಂಬೆ ಎಂದರೆ ಗೋಡೆಯೊಳಗೆ ಇಳಿಜಾರಾಗಿ ಕೂರಿಸಿದ ಕಲ್ಲಿನ ತೋಡು. ಹಿಂದೆ ಒಳಗಿನವರು ಅದರಲ್ಲಿ ಗಂಜಿ ಹೊಯ್ದರೆ ಹೊರಗೆ ಕೂತ ಆಳುಗಳು ಅಡಿಕೆ ಹಾಳೆ ಒಡ್ಡಿ ಹಿಡಿಯಬೇಕಿತ್ತು. ಕೈಗೆ ಕೈ ತಾಗಬಾರದಲ್ಲ. ಬೇಬಿಯ ಅಮ್ಮ ಹಾಗೆ ಕೂತು, ಬಿಸಿ ಗಂಜಿ ಚೆಲ್ಲಿಸಿಕೊಂಡು, ತೊಡೆಯ ಮೇಲಿನ ಕಲೆಯನ್ನು ಸಾಯುವವರೆಗೂ ಹೊತ್ತವಳು.

"ಬಂತು, ಬೆಳಕು ಬಂತು!" ಚಕ್ರಪಾಣಿ ಚಪ್ಪಾಳೆ ತಟ್ಟಿದರು. "ನಾಳೆ ಮನೆ ನೋಡ್ಲಿಕ್ಕೆ ಜನ ಬರ್ತಾರೆ ಬೇಬಿ. ನೀನು ಹಾಳೆ ಹಿಡಿದು ಅಲ್ಲೇ ಕೂತ್ಕೋ, ನಾನು ಗಂಜಿ ಹೊಯ್ತೇನೆ. ವಿಡಿಯೋ ಮಾಡುವ. ಹಳೆ ಸೀರೆ ಉಡು, ಆಯ್ತಾ? ನಮ್ಮ ಹಿರಿಯರು ಯಾರನ್ನೂ ಹಸಿದು ಕಳಿಸ್ಲಿಲ್ಲ, ಅದು ಗೊತ್ತಾಗ್ಬೇಕು ಜನಕ್ಕೆ."

"ನಂಗೆ ಆಗುದಿಲ್ಲ ಧನಿಗಳೇ."

"ಎಂತ ಆಗುದಿಲ್ಲ? ನಿಜವಾದ ಗಂಜಿಯೇ ಹೊಯ್ಯುದು. ಕುಡಿ."

ಗುತ್ತಿಗೆದಾರ ಡೆರಿಲ್ ಪೊರ್ಬು ಅವಳನ್ನು ಬಾವಿಕಟ್ಟೆಯ ಬಳಿ ಕರೆದ. "ಒಂದು ಗಳಿಗೆ ಕೂತ್ರೆ ನಿನ್ನ ಗಂಟೆಂತ ಹೋಗ್ತದೆ? ಮುಂದಿನ ಎರಡು ಮನೆಯ ಕೆಲಸ ಇವರು ಹೇಳಿದವರಿಗೇ. ನೀನು ಕೂರದಿದ್ರೆ ಇನ್ನು ಬರುದೇ ಬೇಡ."

"ನಿಮ್ಮ ಅಮ್ಮನನ್ನು ಕೂರಿಸಿ ಪೊರ್ಬುಗಳೇ."

"ಬೇವರ್ಸಿ! ಬಾಯಿಗೆ ಬೀಗ ಇಲ್ವಾ ನಿಂಗೆ?"

ಸಿಟ್ಟು ಮಾಡುವಷ್ಟು ತ್ರಾಣವೂ ಬೇಬಿಯಲ್ಲಿ ಉಳಿದಿರಲಿಲ್ಲ. ಉಳ್ಳಾಲದ ಬಸ್ಸಿನಲ್ಲಿ ಕಂಬಕ್ಕೆ ಜೋತು ನಿಂತು, ನಿಂತಲ್ಲೇ ತೂಕಡಿಸುತ್ತ ಮನೆ ಸೇರಿದಳು.

ಮರುದಿನ ಬಂದಳು. ಹಳೆ ಸೀರೆಯಲ್ಲೇ, ಅವಳ ಬಳಿ ಇದ್ದವೆಲ್ಲ ಹಳೆಯವೇ. ಒಳಗೆ ಅಡುಗೆಮನೆಯ ತುಂಬ ಜನ, ಮೊಬೈಲು, ಚಕ್ರಪಾಣಿಯವರ ವಿವರಣೆ. ಹೊರಗೆ ವಿಡಿಯೋ ತೆಗೆಯಲು ಡೆರಿಲ್ ಒಬ್ಬನೇ. ಹಾಳೆ ಅವಳ ಕಾಲಬುಡದಲ್ಲಿ ಬಿದ್ದಿತ್ತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ. ಬಾಣಲೆಯಿಂದ ಗಾರೆ ತೆಗೆದು ದಂಬೆಯ ಬಾಯಿಗೆ ತುರುಕಿದಳು, ಹಂಚಿನ ಚೂರು ಹೆಟ್ಟಿದಳು, ಮತ್ತೆ ಗಾರೆ ಮೆತ್ತಿದಳು.

"ಏ, ಏ, ಎಂತ ಮಾಡ್ತಿದ್ದಿ?" ಡೆರಿಲ್ ಪಿಸುಗುಟ್ಟಿದ. "ನಿನ್ನ ಕೆಲಸ ಹೋಯ್ತು ನೋಡು!"

"ಹೋಗ್ಲಿ."

"ನಾಳೆ ಎಂತ ತಿಂತಿ?"

"ಇದನ್ನಂತೂ ಅಲ್ಲ."

ಒಳಗೆ ಬಿಸಿ ಗಂಜಿ ಹೊಯ್ದ ಸದ್ದಾಯಿತು. ಹೊರಗೆ ಒಂದು ಹನಿಯೂ ಬೀಳಲಿಲ್ಲ. ದಂಬೆ ತುಂಬಿತು, ಹಿಂದಕ್ಕೆ ಉಕ್ಕಿತು. ಮಿರುಗು ಹಾಕಿದ ಕೆಂಪು ನೆಲದ ಮೇಲೆ ಅದು ಹರಡುತ್ತಿದ್ದಂತೆ, ಬರಿಗಾಲಲ್ಲಿ ನಿಂತವರೆಲ್ಲ ಹೌಹಾರಿ ಒಬ್ಬರ ಮೇಲೊಬ್ಬರು ಬಿದ್ದು ಹಿಂದೆ ಸರಿಯುವುದು ಗೋಡೆಯಾಚೆಯಿಂದ ಬೇಬಿಗೆ ಕೇಳಿಸಿತು.