ಪಿಂಜಾರರ ಗುಡಿ

ಗುಡಿಹಾಳದಲ್ಲಿ ದೇವರಿಲ್ಲದ ಗುಡಿಗಳು ಬೇಕಾದಷ್ಟು. ಯಾವ ಅರಸ ಕಟ್ಟಿಸಿದ, ಯಾವ ಸೈನ್ಯ ಬಂದು ದೇವರನ್ನು ಎಬ್ಬಿಸಿತು ಎಂಬುದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಯಾರ ನಿದ್ದೆಯೂ ಕೆಟ್ಟಿರಲಿಲ್ಲ. ಮನೆ ಸಾಲದೆ ಹೋದವರು ಒಂದು ಗುಡಿ ಹೊಕ್ಕು ಬಾಗಿಲಿಗೆ ತಟ್ಟಿ ಕಟ್ಟಿಕೊಳ್ಳುತ್ತಿದ್ದರು. ಒಂದರಲ್ಲಿ ಎಣ್ಣೆಗಾಣ ತಿರುಗುತ್ತಿತ್ತು, ಒಂದರಲ್ಲಿ ಗೌಡರ ಎತ್ತುಗಳು ಮೆಲುಕು ಹಾಕುತ್ತಿದ್ದವು. ದೇವರು ಖಾಲಿ ಮಾಡಿದ ಜಾಗವನ್ನು ಮನುಷ್ಯರು ತುಂಬಿದರೆ ತಪ್ಪೇನು ಎಂದು ಹುನಗುಂದದ ಕಚೇರಿಯವರೂ ಅದುವರೆಗೆ ಕೇಳಿರಲಿಲ್ಲ.

ಪಿಂಜಾರ ದಸ್ತಗೀರಸಾಬನ ಅಜ್ಜ ಹತ್ತಿ ಹಿಂಜುವ ಬಿಲ್ಲನ್ನು ಹೆಗಲ ಮೇಲೆ ಹೊತ್ತು ಕಮತಗಿಯ ಕಡೆಯಿಂದ ಬಂದಾಗ ಊರವರು ಅವನಿಗೆ ಊರಂಚಿನ ದೊಡ್ಡ ಗುಡಿಯನ್ನು ತೋರಿಸಿದ್ದರು. ಔದಾರ್ಯದಿಂದಲ್ಲ, ಬಾವಲಿಗಳಿದ್ದುದರಿಂದ ಅದು ಯಾರಿಗೂ ಬೇಡವಾಗಿತ್ತು. ಅಜ್ಜ ಒಳಗೆ ಹೋಗಿ ತಲೆಯೆತ್ತಿ ನೋಡಿದ. ಬಿಲ್ಲನ್ನು ಮೇಲಿನಿಂದ ತೂಗುಬಿಟ್ಟು ಹಿಂಜಬೇಕಾದರೆ ಎತ್ತರ ಬೇಕು, ಅಗಲ ಬೇಕು. ಬಡವರ ಮನೆಗಳಲ್ಲಿ ಎರಡೂ ಇರುವುದಿಲ್ಲ. ಬಾವಲಿಗಳು ಹೊರಬಿದ್ದವು, ಪಿಂಜಾರರು ಒಳಗಾದರು. ಅಂದಿನಿಂದ ಅದು ಪಿಂಜಾರರ ಗುಡಿ.

ಮೊಮ್ಮಗ ದಸ್ತಗೀರಸಾಬ ಒಳ್ಳೆಯ ಗಾದಿ ಮಾಡುತ್ತಿದ್ದ. ಆದರೆ ಅವನ ಮನಸ್ಸೆಲ್ಲ ಮನೆಯ ಮಾಳಿಗೆಯ ಮೇಲೆ. ಬೇಸಿಗೆ ಮುಗಿಯುವ ಹೊತ್ತಿಗೆ ಮೇಲೆ ಹತ್ತಿ, ಚಪ್ಪಡಿಗಳ ನಡುವಿನ ಸಂದುಗಳಿಗೆ ಗಚ್ಚು ತುಂಬುತ್ತಿದ್ದ. ಬೇರು ಬಿಟ್ಟ ಅರಳಿಯ ಸಸಿಗಳನ್ನು ಕಿತ್ತು ಬುಡಕ್ಕೆ ಕುದಿಯುವ ನೀರು ಸುರಿಯುತ್ತಿದ್ದ. ಯಾವ ಕಲ್ಲು ಯಾವ ಕಂಬದ ಮೇಲೆ ಭಾರ ಹಾಕಿದೆ ಎಂದು ಊಟಕ್ಕೆ ಕೂತಾಗಲೂ ವಿವರಿಸುತ್ತಿದ್ದ. ಹೆಂಡತಿ ಗುಲಾಬಬಿ ಇದನ್ನು ಸಾರಿನ ಜೊತೆ ನುಂಗಿಕೊಂಡು ಬಂದಿದ್ದಳು.

ಪಕ್ಕದ ಗುಡಿಯ ಹುಲ್ಲಪ್ಪನ ರೀತಿಯೇ ಬೇರೆ. ಬೀರಪ್ಪ ದೇವರ ಒಕ್ಕಲಿನವನು, ಕುರಿ ಸಾಕಿದವನು. ಅವನ ಅಪ್ಪ ಗುಡಿಯ ಮುಂಭಾಗದ ಕಲ್ಲುಗಳನ್ನು ಎಳೆದು ಅವುಗಳಿಂದಲೇ ಕುರಿದಡ್ಡಿ ಕಟ್ಟಿದ್ದ; ಉಳಿದ ಗುಡಿ ಬೇಸರಪಟ್ಟು ಒಂದು ಮಳೆಗಾಲದಲ್ಲಿ ತಾನೇ ಕುಸಿದಿತ್ತು. ದಡ್ಡಿಯ ಗೋಡೆಯಲ್ಲಿ ಆನೆಗಳ ಸಾಲೊಂದು ತಲೆಕೆಳಗಾಗಿ ನಡೆಯುತ್ತಿತ್ತು.

"ಕಲ್ಲು ಸುಮ್ಮ ಕುಂತಿದ್ವು, ದುಡಿಯಾಕ ಹಚ್ಚೀವಿ," ಎನ್ನುತ್ತಿದ್ದ ಹುಲ್ಲಪ್ಪ.

ಪ್ಲೇಗು ಬಂದುಹೋದ ಕೆಲವು ವರ್ಷಗಳ ಮೇಲೆ ಒಂದು ಬೇಸಿಗೆಯಲ್ಲಿ ಹುನಗುಂದದಿಂದ ಕಾರಕೂನರು ತಟ್ಟುಕುದುರೆಯ ಮೇಲೆ ಕೂತು ಬಂದರು. ಚಾವಡಿಯ ಕಟ್ಟೆಯ ಮೇಲೆ ಬೆವರು ಒರೆಸಿಕೊಂಡು ಸುದ್ದಿ ಬಿಚ್ಚಿದರು.

"ನೋಡ್ರಪಾ, ಸರ್ಕಾರಕ್ಕ ಹಳೀ ಕಟ್ಟಡದ ಮ್ಯಾಲೆ ಭಾಳ ಪ್ರೀತಿ ಹುಟ್ಟೇದ. ಹೊಸಾ ಕಾಯ್ದೆ ಆಗೇದ. ಸಾಹೇಬರು ಖುದ್ದ ಬರ್ತಾರ. ಯಾರು ಛಲೋ ಇಟ್ಟಾರ, ಯಾರು ಹಾಳು ಮಾಡ್ಯಾರ, ಎಲ್ಲಾ ನೋಡ್ತಾರ."

ಮಂದಿ ಚದುರಿದ ಮೇಲೆ ಹುಲ್ಲಪ್ಪ ಕಂಬಳಿ ಕೊಡವಿದ. "ಸರ್ಕಾರಕ್ಕ ಪ್ರೀತಿ ಹುಟ್ಟಿತು ಅಂದ್ರ ಓಡಿ ಹೋಗಬೇಕಲೇ ದಸ್ತಗೀರ. ಪ್ಲೇಗಿನಾಗ ನಮ್ಮ ಮ್ಯಾಲೆ ಹುಟ್ಟಿತ್ತು. ಮಾಳಗಿ ತಗಿಸಿ ಮನಿಯಾಗ ಬಿಸಿಲು ಬಿಟ್ಟಿದ್ರು."

"ಅದು ಬ್ಯಾನಿ ಮಾತು. ಇದು ಜ್ವಾಕಿ ಮಾತು," ಎಂದ ದಸ್ತಗೀರಸಾಬ. "ಛಲೋ ಇಟ್ಟವರನ್ನ ಯಾರರೆ ಹೊರಗ ಹಾಕ್ತಾರೇನು? ಹಾಳು ಮಾಡಿದವರನ್ನ ಹಾಕ್ತಾರ."

"ಅಂದ್ರ ನನ್ನ ಹಾಕ್ತಾರಂತಿ."

"ನಾ ಯಾರ ಹೆಸರೂ ಹೇಳಿಲ್ಲಪ್ಪ."

ಹೆಸರು ಹೇಳದಿದ್ದರೂ ಅವನ ಮನಸ್ಸಿನಲ್ಲಿ ಹುಲ್ಲಪ್ಪನೇ ಇದ್ದ; ಪಾಪ, ಇವನ ಕುರಿಗಳೆಲ್ಲಿ ಹೋಗಬೇಕು ಎಂದು ಸ್ವಲ್ಪ ಮರುಕವೂ ಬಂದಿತ್ತು. ತನ್ನ ಮನೆ ಉಳಿಯುವುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಉಳಿದರೆ ಬಾಯಿಮಾತಿನಲ್ಲಿ ಅಲ್ಲ, ಸರ್ಕಾರದ ಕಾಗದದಲ್ಲಿ ಉಳಿಯಬೇಕು ಎಂಬ ಆಸೆಯೂ ಹುಟ್ಟಿತು.

ಕಮತಗಿಯಿಂದ ಸುಣ್ಣದ ಹರಳು ತರಿಸಿದ. ಗಂಡ ಹೆಂಡಿರಿಬ್ಬರೂ ಪುಂಡಿನಾರಿನ ಕುಂಚ ಹಿಡಿದು ಗೋಡೆ, ಕಂಬ, ತೊಲೆ, ಬಾಗಿಲ ಮೇಲಿನ ಹೂಬಳ್ಳಿ ಯಾವುದನ್ನೂ ಬಿಡದೆ ಬಳಿದರು. ಕೆಳಗೆ ಕೆಮ್ಮಣ್ಣಿನ ಪಟ್ಟಿ ಎಳೆದರು. ಮದುವೆಗೆ ಮಾಡಿದ್ದಕ್ಕಿಂತ ಹೆಚ್ಚು ಮಾಡಿದರು. ದೂರದಿಂದ ನೋಡಿದರೆ ಗುಡಿ ಹೊಲದ ನಡುವೆ ಹಾಲಿನ ಗಡಿಗೆ ಇಟ್ಟಂತೆ ಕಾಣುತ್ತಿತ್ತು.

ಸಾಹೇಬರು ಬಂದ ದಿನ ಗುಲಾಬಬಿ ಇಳಕಲ್ಲಿನ ಸೀರೆ ಉಟ್ಟು ಬಾಗಿಲ ಮರೆಯಲ್ಲಿ ನಿಂತಿದ್ದಳು. ಉದ್ದನೆಯ ಮನುಷ್ಯ, ಬಿಸಿಲಿಗೆ ಟೊಮ್ಯಾಟೊದಂತಾದ ಮುಖ. ಒಳಗೆ ಬಂದರು, ಕಂಬಕ್ಕೆ ಬೆರಳು ಒರೆಸಿದರು, ಬೆಳ್ಳಗಾದ ಬೆರಳನ್ನು ನೋಡಿಕೊಂಡರು. ಆಮೇಲೆ ಕಾರಕೂನರ ಕಡೆ ತಿರುಗಿ ಬಹಳ ಹೊತ್ತು ಇಂಗ್ಲಿಷಿನಲ್ಲಿ ಮಾತಾಡಿದರು. ಕೈಗಳೂ ಆಡಿದವು. ಒಮ್ಮೆ ಆಕಾಶವನ್ನೂ ತೋರಿಸಿದರು.

"ಸಾಹೇಬರಿಗೆ ಸುಣ್ಣ ಸೇರಲಿಲ್ಲ," ಎಂದರು ಕಾರಕೂನರು.

ಸಾಹೇಬರ ಆಳು ನೀರು, ಕುಂಚ, ಬಿದಿರಿನ ಚಕ್ಕೆ ತಂದು ಮುಂದಿನ ಕಂಬವನ್ನು ತೊಳೆಯತೊಡಗಿದ. ಹೊಸ ಸುಣ್ಣ ಹೋಯಿತು, ಹಳೆಯ ಸುಣ್ಣ ಹೋಯಿತು, ಅದರ ಕೆಳಗೆ ಒಂದು ಗೇಣು ದಪ್ಪದ ಮಣ್ಣಿನ ಮೆತ್ತಿಗೆ. ಅದು ನೆನೆದು ಹೆಂಟೆಹೆಂಟೆಯಾಗಿ ಬಿದ್ದಾಗ ಕಂಬದಿಂದ ಒಬ್ಬ ಗಂಡಸು, ಒಬ್ಬ ಹೆಂಗಸು ಹೊರಬಂದರು. ಮೈಮೇಲೆ ಒಡವೆ ಬೇಕಾದಷ್ಟಿತ್ತು, ಬಟ್ಟೆ ಇರಲಿಲ್ಲ. ಅವನ ಕೈ ಇರಬಾರದ ಕಡೆ ಇತ್ತು. ಅವಳು ಅದಕ್ಕೆ ಬೇಸರಪಟ್ಟಂತೆ ಕಾಣಲಿಲ್ಲ. ಕಣ್ಣು, ಮೂಗು, ಬೆರಳಿನ ಉಗುರು, ಒಂದೂ ಮುಕ್ಕಾಗಿರಲಿಲ್ಲ. ಎರಡನೆಯ ಕಂಬದಲ್ಲಿ ಇನ್ನೊಂದು ಜೋಡಿ. ಮೂರನೆಯದರಲ್ಲಿ ಮತ್ತೊಂದು.

ಆಗ ಎಲ್ಲರಿಗೂ ತಿಳಿಯಿತು. ಅಜ್ಜನ ಹೆಂಡತಿ ಮನೆ ಹೊಕ್ಕ ಮೊದಲ ವರ್ಷವೇ ಮಾನವಂತೆಯಾಗಿ ಇವರಿಗೆಲ್ಲ ಮಣ್ಣಿನ ಅಂಗಿ ತೊಡಿಸಿದ್ದಳು. ಆಮೇಲೆ ಯಾರಿಗೂ ಹೇಳಿರಲಿಲ್ಲ.

"ಯಾ ಅಲ್ಲಾ," ಎಂದು ಗುಲಾಬಬಿ ಸೆರಗು ಮುಖಕ್ಕೆ ಎಳೆದುಕೊಂಡಳು. "ಇಷ್ಟು ವರ್ಷ ನಾ ಇವರ ಮುಂದ ಕುಂತು ರೊಟ್ಟಿ ಬಡದೀನೇನು?"

ಸಾಹೇಬರು ತಲೆಯ ಮೇಲಿನ ಟೋಪಿ ತೆಗೆದು ನಿಂತಿದ್ದರು. ಅವರ ಕಣ್ಣುಗಳು ಹನಿಗೂಡಿದ್ದವು. ಮಾಳಿಗೆಯನ್ನು ಹತ್ತಿ ನೋಡಿದರು, ಗಚ್ಚನ್ನು ಕೋಲಿನಿಂದ ಕುಟ್ಟಿ ನೋಡಿದರು, ಇಳಿದು ಬಂದು ದಸ್ತಗೀರಸಾಬನ ಬೆನ್ನು ತಟ್ಟಿದರು. ಪಕ್ಕದ ಕುರಿದಡ್ಡಿಗೂ ಹೋದರು. ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಲ್ಲೇ ನಿಂತು ಎರಡು ಮಾತು ಹೇಳಿ ಹಿಂತಿರುಗಿದರು.

"ಇಲ್ಲಿ ಉಳಿಸಿಕೊಳ್ಳೋ ಅಂಥಾದ್ದು ಏನೂ ಇಲ್ಲ ಅಂದ್ರು," ಎಂದು ಕಾರಕೂನರು ಹುಲ್ಲಪ್ಪನಿಗೆ ಹೇಳಿ, ದಸ್ತಗೀರಸಾಬನ ಕಡೆ ತಿರುಗಿದರು. "ನಿನ್ನ ಮನಿ ಮಾತ್ರ ಸಾಹೇಬರಿಗೆ ಭಾಳ ಮನಸಿಗೆ ಬಂತಪಾ. ಇಷ್ಟು ಛಲೋ ಉಳಿದದ್ದು ಈ ಸೀಮಿಯೊಳಗ ಇನ್ನೊಂದಿಲ್ಲಂತ."

ದಸ್ತಗೀರಸಾಬನ ಎದೆ ಉಬ್ಬಿತು. ಕಾರಕೂನರು ಎಲೆಯಡಿಕೆ ಬಾಯಿಗೆ ಹಾಕಿಕೊಳ್ಳುವಷ್ಟು ಹೊತ್ತು ಹಾಗೇ ಉಬ್ಬಿಕೊಂಡಿತ್ತು.

"ಅದಕ್ಕ ಸರ್ಕಾರ ಇದನ್ನ ತನ್ನ ತಾಬೇಕ್ಕ ತಗೋತದ. ನೀವು ಖಾಲಿ ಮಾಡಬೇಕು."

"ಖಾಲಿ ಅಂದ್ರ, ರೀ?"

"ಖಾಲಿ ಅಂದ್ರ ಖಾಲಿ."

"ನಾವು ಜ್ವಾಕಿ ಮಾಡೀವ್ರಿ, ಅಪ್ಪಾರ. ನಮ್ಮಜ್ಜ, ನಮ್ಮಪ್ಪ, ನಾನು..."

"ಅದನ್ನೇ ನಾನೂ ಹೇಳ್ಲಿಕತ್ತೀನಿ. ಜ್ವಾಕಿ ಮಾಡಿದಿರಿ, ಉಳೀತು. ಉಳಿದದ್ದು ಸರ್ಕಾರದ್ದು. ಸಾಹೇಬರು ಈಗ ಬಾದಾಮಿ, ಮಹಾಕೂಟ ನೋಡಿ ಬರ್ತಾರ. ಬರೂ ಮುಂದ ಫೋಟೋದ ಪೆಟ್ಟಿಗಿ ತಂದು, ಚಿತ್ರಾ ಹಿಡದು, ಹುಕುಮ್ ಕೊಡ್ತಾರ."

ಊರಿಗೆ ಊರೇ ಕಂಬಗಳನ್ನು ನೋಡಲು ಬಂತು. ಗಾದಿ ಹೊಲಿಸುವ ನೆವ ಮಾಡಿಕೊಂಡು ಮುದುಕರೂ ಬಂದರು. ಗುಲಾಬಬಿ ಮೂರು ಕಂಬಗಳಿಗೂ ಕೌದಿ ಸುತ್ತಿ, ಅವುಗಳಿಗೆ ಬೆನ್ನು ಮಾಡಿ ಕೂತು ಅಡಿಗೆ ಮಾಡಿದಳು. ನಾಲ್ಕನೆಯ ದಿನ ಹುಲ್ಲಪ್ಪ ಬಂದು ಹೊಸ್ತಿಲ ಮೇಲೆ ಕೂತ.

"ಒಂದ ಉಪಾಯ ಐತಲೇ. ಕೆಡಸು."

"ಏನ?"

"ಮನಿ. ಸಾಹೇಬ ಬರೂದರಾಗ ಕೆಡಸಿಬಿಡು. ನನ್ನಂಗ ಆರಾಮ ಇರು. ಬಿದ್ದದ್ದನ್ನ ಯಾವ ಸರ್ಕಾರ ಎತ್ತಿಕೊಂತೈತಿ? ಬಿದ್ದ ಮ್ಯಾಲೆ ನಾಕು ಕಲ್ಲು ಒಟ್ಟಿ ಮ್ಯಾಗ ಹುಲ್ಲು ಹೊಚ್ಚಿಕೊಂಡ್ರ ಅದು ನಿಂದ."

ದಸ್ತಗೀರಸಾಬ ನಗಲು ನೋಡಿದ. ಗುಲಾಬಬಿ ನಗಲಿಲ್ಲ. "ಹುಲ್ಲಪ್ಪಣ್ಣ ಖರೆ ಹೇಳ್ತಾನ," ಎಂದು ಮೂಲೆಯಲ್ಲಿದ್ದ ಹಾರೆಯನ್ನು ತಂದು ಗಂಡನ ಮುಂದೆ ಇಟ್ಟಳು. "ಮೂಲಿ ಕಂಬದ ಮ್ಯಾಗಿನ ಮೂರು ಕಲ್ಲು ತಗದ್ರ ಅರ್ಧಾ ಮನಿ ಇಳೀತೈತಿ ಅಂತ ನೀವ ಹೇಳ್ತಿದ್ರಿ. ಉಣ್ಣಾಕ ಕೊಡದಂಗ ಹೇಳ್ತಿದ್ರಿ. ತಗೀರಿ ಈಗ."

ಮರುದಿನ ಬೆಳಿಗ್ಗೆ ಅವನು ಹಾರೆ ಹಿಡಿದು ಮಾಳಿಗೆ ಹತ್ತಿದ. ಮೂರು ಕಲ್ಲುಗಳು ಎಲ್ಲಿವೆ ಎಂದು ಹುಡುಕಬೇಕಾಗಿರಲಿಲ್ಲ. ಮೊದಲನೆಯದು ಸಂದಿನ ಮೇಲೆ ಮುಚ್ಚಿದ ಉದ್ದನೆಯ ಕಲ್ಲು. ಅದರ ಅಂಚಿಗೆ ಹಾರೆ ಕೊಟ್ಟು ಮೀಟಿದ. ಕಲ್ಲು ಅಲುಗಲಿಲ್ಲ. ಮತ್ತೆ ಮೀಟಿದ. ಅವನದೇ ಗಚ್ಚು ಹಟ ಹಿಡಿದು ಕೂತಿತ್ತು. ಮೈಭಾರವನ್ನೆಲ್ಲ ಹಾರೆಯ ಮೇಲೆ ಹಾಕಿದಾಗ ಕಲ್ಲು ಕಿತ್ತು ಮೇಲೆದ್ದು, ಕೈ ಜಾರಿ ಬಿದ್ದು, ನಡುವೆ ಎರಡಾಯಿತು.

ಸಂದಿನಿಂದ ಬಿಸಿಲು ನೇರವಾಗಿ ಒಲೆಯ ಮುಂದೆ ಬಿತ್ತು. ಹತ್ತಿಯ ಎಳೆಗಳು ಬಿಸಿಲಿನಲ್ಲಿ ಏಳುತ್ತ ಇಳಿಯುತ್ತ ಇದ್ದವು. ಕೆಳಗೆ ಗುಲಾಬಬಿ ತಲೆಯೆತ್ತಿ ನಿಂತಿದ್ದಳು.

"ಒಂದಾತು. ಇನ್ನ ಎರಡು."

ಎರಡನೆಯ ಕಲ್ಲಿನ ಸಂದಿಗೆ ಹಾರೆ ಇಟ್ಟ. ಆ ಗಚ್ಚು ಅಪ್ಪನ ಕಾಲದ್ದು. ಅಪ್ಪನ ಹೆಬ್ಬೆರಳು ಒತ್ತಿದ ಗುರುತು ಅದರಲ್ಲಿ ಹಾಗೇ ಇತ್ತು. ವರ್ಷ ವರ್ಷವೂ ನೋಡಿದ್ದ, ಎಂದೂ ಅದರ ಮೇಲೆ ಹೊಸ ಗಚ್ಚು ಬಳಿದಿರಲಿಲ್ಲ. ಹಾರೆಯನ್ನು ತೆಗೆದು ಮತ್ತೆ ಇಟ್ಟ, ಮತ್ತೆ ತೆಗೆದ. ಬಿಸಿಲೇರಿತು. ಕೆಡಿಸುವುದೂ ಒಂದು ಕಸುಬು, ಅದು ವಂಶದಲ್ಲಿ ಬಂದಿರಬೇಕು. ಅವನು ಇಳಿದು ಬಂದ.

"ಮುಗೀತ?" ಎಂದಳು.

"ಇಲ್ಲ."

"ಇಲ್ಲ ಅಂದ್ರ?"

"ಕೈ ಬರವಲ್ದು, ಗುಲಾಬಿ."

ಅವಳು ಅವನ ಕೈಯಿಂದ ಹಾರೆ ಕಸಿದುಕೊಂಡು ಗೋಡೆಗೆ ಒರಗಿಸಿದಳು. "ಕಲ್ಲಿನ ಮ್ಯಾಗ ಇಷ್ಟು ಕರುಳು," ಎಂದಳು. "ನಾವು ಎಲ್ಲಿ ಮಕ್ಕೋಬೇಕು ಅಂತ ಕಲ್ಲು ಹೇಳ್ತೈತೇನು, ಕೇಳಿ ಬರಬೇಕಿತ್ತು."

ಒಡೆದ ಕಲ್ಲನ್ನಾದರೂ ಕೂಡಿಸಿ ಸಂದು ಮುಚ್ಚೋಣವೆಂದರೆ ಗಚ್ಚಿಗೆ ಸುಣ್ಣ ಉಳಿದಿರಲಿಲ್ಲ. ಅದೆಲ್ಲ ಗೋಡೆಗೆ ಹೋಗಿತ್ತು. ಕಮತಗಿಗೆ ಹೊರಡಬೇಕೆನ್ನುವಷ್ಟರಲ್ಲಿ ಸಾಹೇಬರ ಡೇರೆಯ ಬಂಡಿಗಳು ಊರ ಮುಂದೆ ಬಂದು ನಿಂತವು.

ಸಾಹೇಬರು ಒಳಗೆ ಕಾಲಿಟ್ಟವರು ಬಿಸಿಲಿನ ಪಟ್ಟಿಯನ್ನು ನೋಡಿ ನಿಂತರು. ತಲೆಯೆತ್ತಿದರು. ಈ ಸಲ ಮಾತು ಉದ್ದವಿರಲಿಲ್ಲ. ಅವರ ಮುಖದಲ್ಲಿ ಸಿಟ್ಟಿಗಿಂತ ಸಂಕಟ ಹೆಚ್ಚಾಗಿತ್ತು. ಸಿಟ್ಟಾಗಿದ್ದರೆ ದಸ್ತಗೀರಸಾಬನಿಗೆ ಎಷ್ಟೋ ಹಗುರಾಗುತ್ತಿತ್ತು.

ಕಾರಕೂನರೂ ದನಿ ತಗ್ಗಿಸಿದರು. "ಯಾಕಪಾ ಹಿಂಗ ಮಾಡಿದಿ? ಮಳಿಗಾಲ ದಾಟೂತನಕಾ ಇರ್ಲಿ ಅಂತ ಸಾಹೇಬರು ಮಾಡಿದ್ರು. ಈಗ ಇವತ್ತೇ ಬಿಡಬೇಕಂತ. ಹಾಳು ಮಾಡೂ ಮಂದಿ ಕೈಯೊಳಗ ಒಂದು ದಿನಾನೂ ಇದನ್ನ ಬಿಡ್ಲಿಕ್ಕೆ ಬರೂದಿಲ್ಲ ಅಂತಾರ."

ಹಾಳು ಮಾಡುವ ಮಂದಿ. ದಸ್ತಗೀರಸಾಬ ಬಾಯಿ ತೆರೆದ. ಅಜ್ಜನಿಂದ ಸುರು ಮಾಡಿ ಹೇಳಬೇಕೆಂದಿದ್ದ. ಆದರೆ ತಲೆಯ ಮೇಲೆ ಸಂದು ತೆರೆದಿತ್ತು, ಹಾರೆ ಅಲ್ಲೇ ಗೋಡೆಗೆ ಒರಗಿತ್ತು. ಹೌದೆಂದು ತಲೆ ಆಡಿಸಿದ.

ಸಂಜೆಯೊಳಗೆ ಒಲೆ ಕಿತ್ತರು. ಮಣ್ಣಿನ ಅಡ್ಡಗೋಡೆ ಕೆಡವಿದರು. ಗುಲಾಬಬಿ ಕಂಬಗಳಿಂದ ಕೌದಿ ಬಿಚ್ಚಿಕೊಂಡಳು. ಜೋಡಿಗಳು ಇವರ ಗೊಡವೆಯಿಲ್ಲದೆ ತಮ್ಮ ಪಾಡಿಗೆ ತಾವಿದ್ದವು. ಬಾಗಿಲಿಗೆ ಬೀಗ ಬಿತ್ತು. ಕಾವಲಿಗೆ ಪರವೂರಿನವನೊಬ್ಬ ಬಂದ. ಒಡೆದ ಕಲ್ಲಿನ ರಿಪೇರಿಗೆ ಮೇಲಿನಿಂದ ಮಂಜೂರಿ ಬರಬೇಕಿತ್ತು; ಅದು ಬರುವವರೆಗೆ ಮಾಳಿಗೆಯನ್ನು ಯಾರೂ ಮುಟ್ಟಕೂಡದೆಂದು ಅಪ್ಪಣೆಯಾಗಿತ್ತು.

ಹೋಗಲು ಬೇರೆ ಜಾಗವಿರಲಿಲ್ಲ. ಹುಲ್ಲಪ್ಪ ಕುರಿಗಳನ್ನು ಒಂದು ಕಡೆ ಒತ್ತಿ ದಡ್ಡಿಯ ಮೂಲೆಯೊಂದನ್ನು ಬಿಟ್ಟುಕೊಟ್ಟ.

"ಕೆಡಸೂದಂದ್ರ ಪೂರಾ ಕೆಡಸಬೇಕಲೇ," ಎಂದ, ಗಂಟು ಇಳಿಸಲು ಕೈ ಕೊಡುತ್ತ. "ಅರ್ಧಾ ಕೆಡಸಿದ್ರ ಸರ್ಕಾರಕ್ಕ ಆಸೆ ಬರ್ತೈತಿ. ನಮ್ಮಪ್ಪನ್ನ ನೋಡು, ಓದು ಬರಹ ಇಲ್ಲ, ಎಂಥಾ ಮುಂದಾಲೋಚನಿ."

ದಡ್ಡಿಯ ಮಾಡು ಕೈಗೆ ತಾಗುವಷ್ಟು ತಗ್ಗು. ಬಿಲ್ಲು ತೂಗಲು ಎಡೆಯಿರಲಿಲ್ಲ. ಗೋಡೆಗೆ ಒರಗಿಸಿದರೆ ಕುರಿಗಳು ಅದರ ತಂತಿಯನ್ನು ಮೂಸಿ ನೋಡುತ್ತಿದ್ದವು. ಗಾದಿಗೆಂದು ಬಂದವರು ಬಾಗಿಲಲ್ಲಿ ನಿಂತು, ಮೂಗು ಮುಚ್ಚಿಕೊಂಡು, ಆಮೇಲೆ ಬರುತ್ತೇವೆಂದು ಹೋದರು. ಬರಲಿಲ್ಲ.

ಮೊದಲ ಮಳೆ ಮಧ್ಯಾಹ್ನ ಹೊಡೆಯಿತು. ಸುರುವಾದ ಅರೆಗಳಿಗೆಯಲ್ಲೇ ದಡ್ಡಿಯ ಮಾಡು ಮೂರು ಕಡೆ ಸೋರಿತು, ಒಂದು ಕಡೆ ದಸ್ತಗೀರಸಾಬ ಮಲಗಿದ್ದ ಚಾಪೆಯ ಮೇಲೇ. ಗುಲಾಬಬಿ ಗಡಿಗೆ ಇಟ್ಟಳು, ಪರಾತ ಇಟ್ಟಳು, ಇಡಲು ಇನ್ನೇನೂ ಸಿಗಲಿಲ್ಲ.

"ಮಳಿ ನಿಂತ ಮ್ಯಾಲೆ ಮಾಡು ಹತ್ತಿ ಒಂದೀಟು ಮೆತ್ತಿ ಬರ್ರಿ," ಎಂದಳು. ಅನೇಕ ದಿನಗಳ ಮೇಲೆ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಹುಲ್ಲಪ್ಪಣ್ಣನ ಕಡೆ ಮಣ್ಣೈತಿ. ನಿಮ್ಮ ಕೈ ಹತ್ತಿದ್ರ ಹನೀನೂ ಇಳ್ಯೂದಿಲ್ಲ."

"ಸೋರ್ಲಿ," ಎಂದ ದಸ್ತಗೀರಸಾಬ.

"ಸೋರ್ಲಿ ಅಂದ್ರ?"

"ಸೋರೂ ಮನಿ ಯಾರೂ ಕೇಳೂದಿಲ್ಲ."

ಅವಳು ಅವನ ಮುಖ ನೋಡಿದಳು, ಹಾಸ್ಯ ಮಾಡುತ್ತಿದ್ದಾನೆಯೋ ಎಂದು. ಅವನು ಮಾಡಿನ ಕಡೆ ಕಣ್ಣು ನೆಟ್ಟು ಮಲಗಿದ್ದ. ಹನಿ ಮೊಣಕಾಲಿನ ಮೇಲೆ ಬೀಳುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವನು ಕಾಲನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿದ.